ಸಿಪ್ಪೆಯಿಂದ ಬರುವ ಮೆಥನಾಲ್, ಡ್ರಮ್ಮಿನಿಂದ ಬರುವ ಮೆಥನಾಲ್

ಪ್ರಶ್ನೆ: ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಮಗೆ ಒಂದೂವರೆ ಎಕರೆ ಬೆಂಗಳೂರು ನೀಲಿ ದ್ರಾಕ್ಷಿ ತೋಟವಿದೆ. ಅತ್ತೆಯವರ ಕಾಲದಿಂದಲೂ ಕ್ರಿಸ್‌ಮಸ್‌ಗೆಂದು ಹತ್ತು ಹನ್ನೆರಡು ಕಿಲೋ ಹಣ್ಣು ತೆಗೆದಿಟ್ಟು ಜಾಡಿಯಲ್ಲಿ ವೈನ್ ಹಾಕುತ್ತೇವೆ. ಸಿಪ್ಪೆ ಸಮೇತ ಕಿವುಚಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕಿ, ದಿನಾ ಮರದ ಸೌಟಿನಲ್ಲಿ ತಿರುವಿ, ಇಪ್ಪತ್ತೊಂದನೇ ದಿನ ಸೋಸುವುದು ನಮ್ಮ ರೂಢಿ. ಈ ಸಲ ಫ್ರಾನ್ಸಿನಲ್ಲಿರುವ ನಮ್ಮ ಭಾವನವರ ಮಗ ಬಂದವನು, “ಈ ಜಾತಿಯ ದ್ರಾಕ್ಷಿ ವೈನ್ ಯುರೋಪಿನಲ್ಲಿ ನಿಷೇಧ, ಅದರಲ್ಲಿ ಮೆಥನಾಲ್ ಇರುತ್ತದೆ, ಕಣ್ಣು ಹೋಗುತ್ತದೆ” ಎಂದ. ಅಂದಿನಿಂದ ಮನೆಯಲ್ಲಿ ಯಾರೂ ಜಾಡಿ ಮುಟ್ಟುತ್ತಿಲ್ಲ. ಮೈದುನ ಮಾತ್ರ, “ಸೋಸಿ ಉಳಿದ ಸಿಪ್ಪೆಯ ಹಿಂಡಿಯನ್ನು ಬಟ್ಟಿ ಇಳಿಸಿ ಮೊದಲು ಬರುವ ಒಂದು ಲೋಟ ಚೆಲ್ಲಿದರೆ ವಿಷವೆಲ್ಲ ಹೋಗುತ್ತದೆ” ಎನ್ನುತ್ತಾನೆ. ಇನ್ನೊಂದು ವಿಷಯ. ಔಷಧಿ ಅಂಗಡಿಯವರು ಬಳ್ಳಿಗೆ ಹೊಡೆಯಲು ಗುಲಾಬಿ ಬಣ್ಣದ ದ್ರಾವಣದ ಬಾಟಲಿ ಕೊಟ್ಟಿದ್ದಾರೆ. ಚೀಟಿಯಲ್ಲಿ ‘ಮೆಥೈಲೋಬ್ಯಾಕ್ಟೀರಿಯಂ’ ಎಂದಿದೆ. ಜೊತೆಗೆ ಸ್ವಲ್ಪ ಮೆಥನಾಲ್ ಬೆರೆಸಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದೂ ಹೇಳಿದರು. ಇದನ್ನು ಹೊಡೆದರೆ ಹಣ್ಣಿನಲ್ಲಿ ಮೆಥನಾಲ್ ಸೇರುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಹೆಸರಿನಡಿ ಸೇರಿಕೊಂಡು ಒಂದೇ ಹೆದರಿಕೆಯಾಗಿವೆ. ಕ್ರಿಸ್‌ಮಸ್ ಹತ್ತಿರವಿರುವುದರಿಂದ ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಜಾಡಿಯ ವೈನಿನಲ್ಲಿ ಮೆಥನಾಲ್ ಇದೆ. ಪ್ರಪಂಚದಲ್ಲಿ ದ್ರಾಕ್ಷಿಯಿಂದ ಮಾಡಿದ ಪ್ರತಿಯೊಂದು ವೈನಿನಲ್ಲೂ ಇದೆ. ಆ ಪ್ರಮಾಣದಿಂದ ಯಾರ ಕಣ್ಣೂ ಹೋಗುವುದಿಲ್ಲ. ಹಿಂಡಿಯನ್ನು ಬಟ್ಟಿ ಇಳಿಸುವ ಯೋಚನೆಯನ್ನು ಮಾತ್ರ ಪೂರ್ತಿಯಾಗಿ ಬಿಡಿ. ಗುಲಾಬಿ ಬಾಟಲಿಯಲ್ಲಿರುವುದು ಮೆಥನಾಲನ್ನು ತಿಂದು ಬದುಕುವ ಒಂದು ಬ್ಯಾಕ್ಟೀರಿಯ, ಅದರಿಂದ ವೈನಿಗೆ ತೊಂದರೆಯಿಲ್ಲ. ಆದರೆ ಅಂಗಡಿಯವರು ಹೇಳಿದಂತೆ ಅದಕ್ಕೆ ಮೆಥನಾಲ್ ತಂದು ಬೆರೆಸಬೇಡಿ. ಇನ್ನು ಕಾರಣಗಳಿಗೆ ಬರೋಣ.

ನಿಮ್ಮ ತೋಟದ ಒಂದು ಹಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ ನೋಡಿ. ದಪ್ಪನೆಯ ನೀಲಿ ಸಿಪ್ಪೆ ಕೈಯಲ್ಲೇ ಉಳಿದು, ಒಳಗಿನ ತಿರುಳು ಲೋಳೆಗೋಲಿಯಂತೆ ಪುಳಕ್ಕನೆ ಜಾರಿ ಹೊರಗೆ ಬೀಳುತ್ತದೆ. ಹೀಗೆ ಜಾರುವುದು ಅಮೆರಿಕ ಮೂಲದ ಲಬ್ರುಸ್ಕಾ ಜಾತಿಯ ದ್ರಾಕ್ಷಿಗಳ ಗುರುತು. ನಾಸಿಕ ಅಥವಾ ವಿಜಯಪುರದ ಕಡೆಯ ಬಿಳಿ ದ್ರಾಕ್ಷಿ ಹೀಗೆ ಮಾಡುವುದಿಲ್ಲ. ಆ ಲೋಳೆಗೆ ದೊಡ್ಡ ಪಾಲು ಕಾರಣ ಪೆಕ್ಟಿನ್. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದೂ ಇದೇ ಪೆಕ್ಟಿನ್‌ನಿಂದಲೇ. ಗಿಡದ ಒಂದು ಜೀವಕೋಶವನ್ನು ಪಕ್ಕದ ಜೀವಕೋಶಕ್ಕೆ ಅಂಟಿಸಿ ಹಿಡಿದಿಡುವ ಗಾರೆ ಇದು. ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಪೆಕ್ಟಿನ್ ಎಂದರೆ ಗ್ಯಾಲಕ್ಟುರಾನಿಕ್ ಆಮ್ಲದ ಮಣಿಗಳನ್ನು ಉದ್ದಕ್ಕೆ ಪೋಣಿಸಿದ ಸರ, ಮತ್ತು ಆ ಮಣಿಗಳಲ್ಲಿ ಅನೇಕವುಗಳ ತಲೆಯ ಮೇಲೆ ಮಿಥೈಲ್ ಗುಂಪಿನ ಒಂದೊಂದು ಟೋಪಿ. ಹಣ್ಣಿನಲ್ಲೇ ಇರುವ ಪೆಕ್ಟಿನ್ ಮಿಥೈಲ್‌ಎಸ್ಟರೇಸ್ ಎಂಬ ಕಿಣ್ವ ನೀರಿನ ನೆರವಿನಿಂದ ಆ ಟೋಪಿಗಳನ್ನು ಒಂದೊಂದಾಗಿ ಕಳಚುತ್ತದೆ. ಕಳಚಿದ ಪ್ರತಿ ಟೋಪಿಯೂ ಒಂದು ಮೆಥನಾಲ್ ಅಣುವಾಗುತ್ತದೆ.

ಮನೆಯಲ್ಲಿ ವೈನ್ ಮಾಡುವ ಬಹುತೇಕರು, ಕೆಲವು ಓದಿದವರೂ ಸೇರಿ, ತಪ್ಪು ತಿಳಿಯುವುದು ಇಲ್ಲಿಯೇ. ಸಕ್ಕರೆ ಕೆಟ್ಟ ರೀತಿಯಲ್ಲಿ ಹುದುಗಿದರೆ, ಅಥವಾ ಯೀಸ್ಟ್ ಒಳ್ಳೆಯದಲ್ಲದಿದ್ದರೆ, ಅಮಲೇರಿಸುವ ಮಾಮೂಲಿ ಆಲ್ಕೋಹಾಲ್ ಆದ ಎಥನಾಲ್ ಬದಲು ಮೆಥನಾಲ್ ಆಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಯೀಸ್ಟ್ ಸಕ್ಕರೆಯಿಂದ ಮಾಡುವುದು ಎಥನಾಲನ್ನು. ಮೆಥನಾಲ್ ಬರುವುದು ಸಿಪ್ಪೆ ಮತ್ತು ತಿರುಳಿನ ಪೆಕ್ಟಿನ್‌ನಿಂದ. ಒಂದೇ ಜಾಡಿಯಲ್ಲಿ ಎರಡು ಬೇರೆ ದಾರಿಗಳಲ್ಲಿ ಎರಡು ಬೇರೆ ಆಲ್ಕೋಹಾಲ್‌ಗಳು ಹುಟ್ಟುತ್ತಿರುತ್ತವೆ. ಆದ್ದರಿಂದ ನೀವು ಎಷ್ಟು ಸಕ್ಕರೆ ಹಾಕಿದಿರಿ, ಗೋಧಿ ಹಾಕಿದಿರೋ ಬಿಟ್ಟಿರೋ ಎಂಬುದಕ್ಕೂ ಮೆಥನಾಲಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಸಿಪ್ಪೆ ಎಷ್ಟು ದಿನ ರಸದಲ್ಲಿ ನೆಂದಿತು, ಹಣ್ಣು ಎಷ್ಟು ಪೆಕ್ಟಿನ್ ಉಳ್ಳದ್ದು ಎಂಬುದಕ್ಕೆ ಸಂಬಂಧವಿದೆ. ಸಿಪ್ಪೆಯ ಜೊತೆ ಹುದುಗುವ ಕೆಂಪು ವೈನಿನಲ್ಲಿ, ರಸವನ್ನಷ್ಟೇ ಹುದುಗಿಸಿದ ಬಿಳಿ ವೈನಿಗಿಂತ ಮೆಥನಾಲ್ ಹೆಚ್ಚಿರುವುದು ಇದೇ ಕಾರಣಕ್ಕೆ.

ಮೆಥನಾಲ್ ಎಂದ ಕೂಡಲೇ ಕಾರ್ಖಾನೆಯ ವಿಷ ಎಂದು ಮನಸ್ಸಿಗೆ ಬರುವುದು ಸಹಜ. ಆದರೆ ನಿಮ್ಮ ಚಪ್ಪರದ ಎಲೆಗಳು ದಿನವೂ ಅದನ್ನು ಗಾಳಿಗೆ ಬಿಡುತ್ತಿವೆ. ಚಿಗುರು ಬೆಳೆಯುವಾಗ ಜೀವಕೋಶದ ಗೋಡೆ ಹಿಗ್ಗಬೇಕು, ಹಿಗ್ಗಿದ್ದು ಮತ್ತೆ ಬಿಗಿಯಬೇಕು. ಈ ಕೆಲಸದಲ್ಲಿ ಪೆಕ್ಟಿನ್‌ನ ಟೋಪಿಗಳು ಕಳಚಿ ಮೆಥನಾಲ್ ಬಿಡುಗಡೆಯಾಗುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ರೇ ಫಾಲ್ ಮತ್ತು ಸಂಗಡಿಗರು 1990ರ ದಶಕದ ಮೊದಲರ್ಧದಲ್ಲಿ ಇದನ್ನು ಅಳೆದು ತೋರಿಸಿದರು. ಬಲಿತ ಎಲೆಗಿಂತ ಎಳೆ ಎಲೆ ಹೆಚ್ಚು ಬಿಡುತ್ತದೆ, ಮತ್ತು ಅದು ಹೊರಬರುವುದು ಪತ್ರರಂಧ್ರಗಳು ತೆರೆದಿರುವ ಪ್ರಮಾಣವನ್ನು ಅನುಸರಿಸುತ್ತದೆ. ಕಂಬಳಿಹುಳು ಎಲೆ ಕಚ್ಚಿದಾಗಲೂ ಮೆಥನಾಲ್ ಹೊಮ್ಮುತ್ತದೆ. ಗಾಯಗೊಂಡ ಗಿಡ ಬಿಟ್ಟ ಮೆಥನಾಲಿನ ಸುಳಿವು ಹಿಡಿದು ಪಕ್ಕದ ಗಿಡ ತನ್ನ ರಕ್ಷಣೆಯನ್ನು ಚುರುಕು ಮಾಡಿಕೊಳ್ಳುತ್ತದೆ ಎಂದು ರಷ್ಯಾದ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದ್ದಾರೆ. ವಾತಾವರಣದ ಸಾವಯವ ಅನಿಲಗಳಲ್ಲಿ ಮೀಥೇನ್ ಬಿಟ್ಟರೆ ಅತಿ ಹೆಚ್ಚು ಇರುವುದು ಮೆಥನಾಲ್, ಮತ್ತು ಅದರ ಬಹುಪಾಲು ಬರುವುದು ಸಸ್ಯಗಳಿಂದ. ಒಂದು ವಸ್ತು ಎಲ್ಲಿಂದ ಬಂತು ಎನ್ನುವುದರ ಮೇಲೆ ಅದು ಅಪಾಯವೋ ಅಲ್ಲವೋ ತೀರ್ಮಾನವಾಗುವುದಿಲ್ಲ, ಒಪ್ಪುತ್ತೇನೆ. ಹಾಗಾಗಿ ಪ್ರಮಾಣದ ಲೆಕ್ಕಕ್ಕೇ ಬರೋಣ.

ಮೆಥನಾಲ್ ತಾನಾಗಿ ಹೆಚ್ಚು ವಿಷವಲ್ಲ. ಯಕೃತ್ತಿನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಈ ಆಮ್ಲ ರಕ್ತದಲ್ಲಿ ಜಮೆಯಾದಾಗ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲಾರದೆ ಸೊರಗುತ್ತವೆ, ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವುದು ಕಣ್ಣಿನ ನರ. ಶುದ್ಧ ಮೆಥನಾಲ್ 10 ಮಿಲಿಲೀಟರ್ ಹೊಟ್ಟೆಗೆ ಹೋದರೂ ದೃಷ್ಟಿ ಹೋಗಬಹುದು ಎಂದು ವೈದ್ಯಗ್ರಂಥಗಳು ಎಚ್ಚರಿಸುತ್ತವೆ. ಅದು ಹತ್ತಿರಹತ್ತಿರ 8 ಗ್ರಾಂ, ಅಂದರೆ 8,000 ಮಿಲಿಗ್ರಾಂ. ಈಗ ವೈನಿಗೆ ಬನ್ನಿ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಘಟನೆ ಇಟ್ಟಿರುವ ಮಿತಿ ಕೆಂಪು ವೈನಿಗೆ ಲೀಟರಿಗೆ 400 ಮಿಲಿಗ್ರಾಂ, ಬಿಳಿ ಮತ್ತು ರೋಸೆ ವೈನಿಗೆ 250 ಮಿಲಿಗ್ರಾಂ. ಸಾಮಾನ್ಯ ಕೆಂಪು ವೈನ್ ಈ ಮಿತಿಯ ಅರ್ಧದ ಆಸುಪಾಸಿನಲ್ಲಿರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಎಂದಿಟ್ಟುಕೊಂಡರೆ ಕ್ರಿಸ್‌ಮಸ್ ದಿನ ನೀವು ಕುಡಿಯುವ 150 ಮಿಲಿಲೀಟರಿನ ಒಂದು ಲೋಟದಲ್ಲಿ 30 ಮಿಲಿಗ್ರಾಂ ಮೆಥನಾಲ್. ಆ 8,000 ಮಿಲಿಗ್ರಾಂ ಸೇರಬೇಕಾದರೆ ಒಂದೇ ಕೂತಲ್ಲಿ 40 ಲೀಟರ್ ವೈನ್ ಕುಡಿಯಬೇಕು, ಅಷ್ಟರೊಳಗೆ ಎಥನಾಲೇ ಮನುಷ್ಯನನ್ನು ಮುಗಿಸಿರುತ್ತದೆ. ಇದರ ಮೇಲೆ, ಅದೇ ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲ್ ಮೇಲೆ ಹೆಚ್ಚು ಒಲವಿರುವುದರಿಂದ, ವೈನಿನಲ್ಲಿ ಜೊತೆಗಿರುವ ಎಥನಾಲ್ ಮೆಥನಾಲಿನ ದಾರಿಗೆ ಅಡ್ಡ ನಿಂತಿರುತ್ತದೆ.

ಇನ್ನೊಂದು ಹೋಲಿಕೆ ಹೇಳುತ್ತೇನೆ, ಮನೆಯವರಿಗೆ ಇದೇ ಹೆಚ್ಚು ನಾಟಬಹುದು. ನಾವು ತಿಂದ ಹಣ್ಣಿನ ಪೆಕ್ಟಿನ್ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಗಳು ಅದೇ ಟೋಪಿಗಳನ್ನು ಕಳಚುತ್ತವೆ. ಆಸ್ಟ್ರಿಯಾದ ಸಂಶೋಧಕರು 1997ರಲ್ಲಿ ಸ್ವಯಂಸೇವಕರ ಉಸಿರನ್ನು ಅಳೆದು, ಒಂದು ಕಿಲೋ ಸೇಬು ತಿಂದವರ ದೇಹದಲ್ಲಿ 400ರಿಂದ 1,400 ಮಿಲಿಗ್ರಾಂ ಮೆಥನಾಲ್ ಹುಟ್ಟುತ್ತದೆ ಎಂದು ಲೆಕ್ಕ ಕೊಟ್ಟಿದ್ದಾರೆ. ಸೇಬು ತಿಂದು ಕಣ್ಣು ಕಳೆದುಕೊಂಡವರಿಲ್ಲ.

ಹಾಗಾದರೆ ನಿಮ್ಮ ಭಾವನವರ ಮಗ ಸುಳ್ಳು ಹೇಳಿದನೇ? ಇಲ್ಲ, ಅರ್ಧ ನಿಜ ಹೇಳಿದ್ದಾನೆ, ಮತ್ತು ಆ ಅರ್ಧ ಸ್ವಾರಸ್ಯವಾಗಿದೆ. 2013ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ಬೆಂಗಳೂರು ನೀಲಿ ಬೇರೆ ಯಾವುದೂ ಅಲ್ಲ, ಇಸಾಬೆಲ್ಲಾ ಎಂಬ ಅಮೆರಿಕನ್ ತಳಿ ಎಂದು ದ್ರಾಕ್ಷಿ ತಳಿಗಳ ಪಟ್ಟಿಗಳು ಗುರುತಿಸುತ್ತವೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಿಲೋಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನು ತಿಂದುಹಾಕಿದಾಗ ಅಲ್ಲಿನ ರೈತರು ಅಮೆರಿಕದ ಬಳ್ಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ನೆಟ್ಟರು. ರೋಗ ಕಡಿಮೆ, ಇಳುವರಿ ಹೆಚ್ಚು, ಔಷಧಿ ಖರ್ಚಿಲ್ಲ. ನಿಮ್ಮ ಹಿರಿಯರು ನೀಲಿ ದ್ರಾಕ್ಷಿಯನ್ನು ಇಷ್ಟಪಟ್ಟಿದ್ದೂ ಇದೇ ಗುಣಗಳಿಗೆ. 1930ರ ಹೊತ್ತಿಗೆ ಫ್ರಾನ್ಸಿನಲ್ಲಿ ವೈನ್ ಅತಿಯಾಗಿ ಬೆಲೆ ಕುಸಿಯಿತು. ಡಿಸೆಂಬರ್ 1934ರ ಕಾನೂನು ಇಸಾಬೆಲ್ಲಾ, ನೋವಾ, ಒಥೆಲೋ, ಜಾಕೇ, ಕ್ಲಿಂಟನ್, ಎರ್ಬ್‌ಮಾಂ ಎಂಬ ಆರು ತಳಿಗಳನ್ನು ಹೊರಗಿಟ್ಟಿತು. ಉದ್ದೇಶ ಉತ್ಪಾದನೆ ತಗ್ಗಿಸುವುದು, ಮತ್ತು ಆ ತಳಿಗಳ ವಾಸನೆಯನ್ನು ಕೀಳೆಂದು ಕಂಡವರ ವೈನಿಗೆ ಮಾರುಕಟ್ಟೆ ಉಳಿಸುವುದು. ಇವುಗಳ ವೈನ್ ಕುಡಿದರೆ ಹುಚ್ಚು ಹಿಡಿಯುತ್ತದೆ, ಕುರುಡಾಗುತ್ತದೆ ಎಂಬ ಮಾತು ನಿಷೇಧದ ಜೊತೆಗೇ ಬೆಳೆದು ಇಂದಿಗೂ ಉಳಿದಿದೆ. ಲಬ್ರುಸ್ಕಾ ವೈನಿನಲ್ಲಿ ಮೆಥನಾಲ್ ಯುರೋಪಿನ ವಿನಿಫೆರಾ ಜಾತಿಯ ದ್ರಾಕ್ಷಿಯ ವೈನಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಆ ಲೋಳೆಯ ತಿರುಳಿಗೆ ಅದು ಸಹಜ. ಆದರೆ ಹೆಚ್ಚು ಎಂಬುದಕ್ಕೂ ವಿಷ ಎಂಬುದಕ್ಕೂ ನಡುವೆ ಬಹಳ ದೂರವಿದೆ. ಬ್ರೆಜಿಲ್‌ನಲ್ಲಿ ಇದೇ ಇಸಾಬೆಲ್ಲಾ ಮುಖ್ಯ ಬೆಳೆಗಳಲ್ಲೊಂದು, ಅದರ ವೈನ್ ಅಲ್ಲಿ ದಿನಬಳಕೆಯದು. ಯುರೋಪಿನೊಳಗೇ ಆಸ್ಟ್ರಿಯಾದ ಬುರ್ಗೆನ್‌ಲ್ಯಾಂಡ್ ಪ್ರಾಂತದಲ್ಲಿ ಈ ಜಾತಿಯ ಹಣ್ಣುಗಳಿಂದ ಮಾಡುವ ‘ಉಹುಡ್ಲರ್’ ಎಂಬ ವೈನನ್ನು ಒಂದು ಕಾಲಕ್ಕೆ ನಿಷೇಧಿಸಿ, ಈಗ ಊರಿನ ಹೆಮ್ಮೆಯಾಗಿ ಮಾರುತ್ತಾರೆ.

ನಿಮ್ಮ ವಿಧಾನದಲ್ಲಿ ನಾನು ಬದಲಿಸುವುದಾದರೆ ಆ ಇಪ್ಪತ್ತೊಂದು ದಿನವನ್ನು. ಬಣ್ಣ ಮತ್ತು ಪರಿಮಳದ ಬಹುಪಾಲು ಮೊದಲ ಐದಾರು ದಿನಗಳಲ್ಲೇ ರಸಕ್ಕೆ ಇಳಿದಿರುತ್ತದೆ. ಆಮೇಲೆ ಸಿಪ್ಪೆ ಕೊಡುವುದು ಒಗರು, ಕಹಿ, ಮತ್ತು ಇನ್ನಷ್ಟು ಮೆಥನಾಲ್. ಆರನೇ ದಿನ ಬಟ್ಟೆಯಲ್ಲಿ ಸೋಸಿ, ಹಿಂಡಿಯನ್ನು ಹಿಸುಕಿ ಜಜ್ಜದೆ ತಾನಾಗಿ ಇಳಿದಷ್ಟು ತೆಗೆದುಕೊಂಡು, ರಸವನ್ನಷ್ಟೇ ಉಳಿದ ದಿನ ಹುದುಗಲು ಬಿಡಿ. ರುಚಿಯೂ ಮೆತ್ತಗಾಗುತ್ತದೆ. ಕೊಳೆತ, ಬೂಷ್ಟು ಹಿಡಿದ ಹಣ್ಣನ್ನು ಬೇರೆ ತೆಗೆಯಿರಿ, ಏಕೆಂದರೆ ಬೂಷ್ಟಿಗೂ ಪೆಕ್ಟಿನ್ ಒಡೆಯುವ ತನ್ನದೇ ಕಿಣ್ವಗಳಿವೆ. ಪೇಟೆಯಲ್ಲಿ ರಸ ತಿಳಿಯಾಗಲೆಂದು ಮಾರುವ ಪೆಕ್ಟಿನೇಸ್ ಪುಡಿಯ ವಿಷಯವೂ ಹೀಗೆಯೇ. ವೈನ್ ಕನ್ನಡಿಯಂತೆ ತಿಳಿಯಾಗುತ್ತದೆ, ನಿಜ, ಆದರೆ ಆ ಪುಡಿಯಲ್ಲಿ ಟೋಪಿ ಕಳಚುವ ಕಿಣ್ವವೂ ಬೆರೆತಿದ್ದರೆ ಮೆಥನಾಲ್ ಏರುತ್ತದೆ. ಮನೆಯ ಹತ್ತು ಬಾಟಲಿಗೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ. ಕಿವುಚಿದ ಹಣ್ಣನ್ನು 80 ಡಿಗ್ರಿಯವರೆಗೆ ಕಾಯಿಸಿ ಆರಿಸಿದರೆ ಹಣ್ಣಿನ ಕಿಣ್ವ ಸಾಯುತ್ತದೆ, ಮೆಥನಾಲ್ ತಗ್ಗುತ್ತದೆ. ಅದರೊಡನೆ ಹಣ್ಣಿನ ಮೇಲಿದ್ದ ಯೀಸ್ಟ್ ಕೂಡ ಸಾಯುವುದರಿಂದ ಪ್ಯಾಕೆಟ್ ಯೀಸ್ಟ್ ಹಾಕಬೇಕಾಗುತ್ತದೆ, ಮತ್ತು ತಾಜಾ ದ್ರಾಕ್ಷಿಯ ಘಮ ಹೋಗಿ ಜಾಮ್ ಬೇಯಿಸಿದ ಘಮ ಬರುತ್ತದೆ. ದ್ರಾಕ್ಷಿಗೆ ಇಷ್ಟೆಲ್ಲ ಬೇಡ. ಸೀಬೆ ಅಥವಾ ಕಿತ್ತಳೆಯನ್ನು ಸಿಪ್ಪೆ ಸಮೇತ ಹುದುಗಿಸುವವರು ಮಾತ್ರ ಇದನ್ನು ಯೋಚಿಸಬಹುದು, ಅವುಗಳಲ್ಲಿ ಪೆಕ್ಟಿನ್ ಬಹಳ.

ಮನೆಯಲ್ಲಿ ಮೆಥನಾಲ್ ಪರೀಕ್ಷೆ ಮಾಡುವ ಯಾವ ಉಪಾಯವೂ ಇಲ್ಲ. ಮೂಸಿದರೆ, ರುಚಿ ನೋಡಿದರೆ ತಿಳಿಯುವುದಿಲ್ಲ. ಚಮಚದಲ್ಲಿ ಹೊತ್ತಿಸಿ ಜ್ವಾಲೆಯ ಬಣ್ಣ ನೋಡುವ ವಿಧಾನ ಮೋಸ, ಎರಡೂ ಆಲ್ಕೋಹಾಲ್ ನಸುನೀಲಿಯಾಗಿಯೇ ಉರಿಯುತ್ತವೆ. ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೈಡ್ರೋಮೀಟರಿಗೂ ಅದು ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ ಅಳೆಯುತ್ತೇವೆ. ವೈನ್ ಪ್ರಯೋಗಾಲಯದಲ್ಲಿ ಕಳೆದ ವರ್ಷಗಳಲ್ಲಿ ಹಲವು ಮನೆಗಳ ಕ್ರಿಸ್‌ಮಸ್ ವೈನ್ ನನ್ನ ಕೈಗೆ ಬಂದಿದೆ. ಹೆದರಿ ತಂದವರನ್ನು ಮೆಥನಾಲಿನ ಕಾರಣಕ್ಕೆ ಗದರಬೇಕಾದ ಸಂದರ್ಭ ಬರಲಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ರಸ ಇಟ್ಟಿದ್ದಕ್ಕೆ, ಹುದುಗು ನಿಲ್ಲುವ ಮೊದಲೇ ಗಾಜಿನ ಬಾಟಲಿಗೆ ಬಿರಡೆ ಜಡಿದು ತಂದಿದ್ದಕ್ಕೆ ಗದರಿದ್ದೇನೆ. ಹಾಗೆ ತಂದ ಒಂದು ಬಾಟಲಿ ನಮ್ಮ ಮೇಜಿನ ಮೇಲೆಯೇ ಸಿಡಿದು, ಗೋಡೆಯ ನೇರಳೆ ಕಲೆ ಸುಣ್ಣ ಹೊಡೆಸುವವರೆಗೂ ಇತ್ತು.

ಈಗ ನಿಮ್ಮ ಮೈದುನನ ಮಾತು. ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುತ್ತದೆ, ಎಥನಾಲ್ 78.4 ಡಿಗ್ರಿಯಲ್ಲಿ, ಆದ್ದರಿಂದ ಮೊದಲು ಬರುವುದೆಲ್ಲ ಮೆಥನಾಲ್, ಅದನ್ನು ಚೆಲ್ಲಿದರೆ ಉಳಿದದ್ದು ಶುದ್ಧ ಎಂಬುದು ಅವನ ಲೆಕ್ಕ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕುದಿಸಿದರೆ ಈ ಲೆಕ್ಕ ಸರಿ. ನೀರು, ಎಥನಾಲ್, ಮೆಥನಾಲ್ ಬೆರೆತಿರುವ ಹಂಡೆಯಲ್ಲಿ ಅವು ಸರದಿಯಲ್ಲಿ ನಿಂತು ಹೊರಡುವುದಿಲ್ಲ. ಮೆಥನಾಲ್ ನೀರನ್ನು ಬಲವಾಗಿ ಹಿಡಿದುಕೊಳ್ಳುವುದರಿಂದ ಮೊದಲಿನ ಲೋಟದಿಂದ ಕೊನೆಯ ಲೋಟದವರೆಗೂ ಅಷ್ಟಿಷ್ಟು ಬರುತ್ತಲೇ ಇರುತ್ತದೆ. ಮೊದಲ ಲೋಟ ಚೆಲ್ಲುವುದರಿಂದ ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್‌ನಂಥ ಘಾಟು ವಾಸನೆಯ ವಸ್ತುಗಳು ಹೋಗುತ್ತವೆ, ಮೆಥನಾಲ್ ಹೋಗುವ ಭರವಸೆಯಿಲ್ಲ. ಅದೂ ಅಲ್ಲದೆ ಅವನು ಬಟ್ಟಿಗೆ ಹಾಕಹೊರಟಿರುವುದು ಸಿಪ್ಪೆಯ ಹಿಂಡಿಯನ್ನು, ಅಂದರೆ ಪೆಕ್ಟಿನ್‌ನ ಕಣಜವನ್ನೇ. ಯುರೋಪಿನ ನಿಯಮಗಳನ್ನೇ ನೋಡಿ: ವೈನನ್ನು ಬಟ್ಟಿ ಇಳಿಸಿದ ಮದ್ಯಕ್ಕೆ ನೂರು ಲೀಟರ್ ಶುದ್ಧ ಆಲ್ಕೋಹಾಲಿಗೆ 200 ಗ್ರಾಂ ಮೆಥನಾಲಿನ ಮಿತಿಯಿದ್ದರೆ, ಹಿಂಡಿಯಿಂದ ಇಳಿಸಿದ್ದಕ್ಕೆ 1,000 ಗ್ರಾಂವರೆಗೆ ಬಿಟ್ಟಿದ್ದಾರೆ. ಹಿಂಡಿಯಲ್ಲಿ ಅದು ಅಷ್ಟು ಬರುತ್ತದೆ ಎಂದು ತಿಳಿದೇ ಹಾಗೆ ಬಿಟ್ಟಿದ್ದು; ಅಲ್ಲಿ ಪ್ರತಿ ಕಂತನ್ನೂ ಅಳೆಯುವ ಪ್ರಯೋಗಾಲಯವಿರುತ್ತದೆ, ನಿಮ್ಮ ಹಿತ್ತಲಲ್ಲಿ ಇಲ್ಲ. ಕಾನೂನಿನ ಮಾತೂ ಸ್ಪಷ್ಟ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಬಟ್ಟಿ ಇಳಿಸುವುದು ಅಪರಾಧ. ಹುದುಗಿಸಿದ ವೈನ್ ಕೂಡ ಅಬಕಾರಿ ವ್ಯಾಪ್ತಿಯಿಂದ ಹೊರಗಿಲ್ಲ. ನಿಮ್ಮ ಜಾಡಿಯ ಬಗ್ಗೆ ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಒಂದು ಮಾತು ಕೇಳಿಡುವುದು ಒಳ್ಳೆಯದು, ಮಾರುವ ಯೋಚನೆಯಂತೂ ಪರವಾನಗಿಯಿಲ್ಲದೆ ಬೇಡ. ಹಿಂಡಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಹಸುವಿನ ಮುಂದೆ ಸುರಿಯಬೇಡಿ, ಅದರಲ್ಲಿ ಇನ್ನೂ ಅಮಲಿರುತ್ತದೆ.

ಹಾಗಿದ್ದರೆ ಪತ್ರಿಕೆಗಳಲ್ಲಿ ಓದುವ ಸಾವುಗಳು? 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಸೇರಿ 150ಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಇವು ಹಣ್ಣಿನ ಸಿಪ್ಪೆಯಿಂದ ಆದ ಸಾವುಗಳಲ್ಲ. ಬಣ್ಣ, ಥಿನ್ನರ್, ಫಾರ್ಮಲಿನ್ ತಯಾರಿಕೆಗೆಂದು ಡ್ರಮ್ಮುಗಳಲ್ಲಿ ಬರುವ ಕಾರ್ಖಾನೆಯ ಮೆಥನಾಲನ್ನು, ಅಗ್ಗವೆಂದೋ ಕದ್ದದ್ದು ಸಿಕ್ಕಿತೆಂದೋ ನೀರಿಗೆ ಬೆರೆಸಿ ಮಾರಿದಾಗ ಆಗುವ ಸಾವುಗಳು. ವೈನಿನಲ್ಲೂ ಹೀಗಾಗಿದೆ. 1986ರಲ್ಲಿ ಉತ್ತರ ಇಟಲಿಯಲ್ಲಿ ಸಪ್ಪೆ ವೈನಿನ ಆಲ್ಕೋಹಾಲ್ ಅಂಶ ಏರಿಸಲು ಕೆಲವರು ಮೆಥನಾಲ್ ಸುರಿದು 20ಕ್ಕೂ ಹೆಚ್ಚು ಜನ ಸತ್ತರು. ಆ ವಿಷವೂ ಬಂದದ್ದು ಡ್ರಮ್ಮಿನಿಂದಲೇ. ಸಿಪ್ಪೆ ಕೊಡುವುದು ಮಿಲಿಗ್ರಾಂಗಳಲ್ಲಿ, ಡ್ರಮ್ಮು ಕೊಡುವುದು ಹತ್ತಾರು ಗ್ರಾಂಗಳಲ್ಲಿ. ಎಲ್ಲಾದರೂ ಕುಡಿದು ಬಂದವರಿಗೆ ಹನ್ನೆರಡು ಗಂಟೆಯೋ ಒಂದು ದಿನವೋ ಕಳೆದ ಮೇಲೆ ಕಣ್ಣು ಮಂಜಾಗಿ, ಎದುರಿಗೆಲ್ಲ ಬಿಳಿ ಪರದೆ ಬಿದ್ದಂತೆ ಕಂಡು, ಹೊಟ್ಟೆನೋವು, ಏದುಸಿರು ಬಂದರೆ ಅದನ್ನು ಹ್ಯಾಂಗೋವರ್ ಎಂದು ಮಲಗಿಸಬೇಡಿ. ಡಯಾಲಿಸಿಸ್ ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಿರಿ. ಅಲ್ಲಿ ಫೋಮೆಪಿಜೋಲ್ ಎಂಬ ಔಷಧಿ ಅಥವಾ ಅಳತೆಯ ಎಥನಾಲ್ ಕೊಟ್ಟು, ಮೆಥನಾಲನ್ನು ವಿಷವಾಗಿಸುವ ಯಕೃತ್ತಿನ ಆ ಕಿಣ್ವವನ್ನು ತಡೆಯುತ್ತಾರೆ. ಇದನ್ನು ಓದಿ ಮನೆಯಲ್ಲೇ ಬ್ರಾಂದಿ ಕುಡಿಸಿ ವಾಸಿಮಾಡಲು ಹೊರಡುವುದು ಸಮಯವನ್ನೂ ಜೀವವನ್ನೂ ಕಳೆಯುವ ದಾರಿ.

ಕೊನೆಗೆ ಗುಲಾಬಿ ಬಾಟಲಿ. ಮೆಥೈಲೋಬ್ಯಾಕ್ಟೀರಿಯಂ ಎಂದರೆ ಎಲೆಗಳ ಮೇಲೆ ಸಹಜವಾಗಿ ವಾಸಿಸುವ ಗುಲಾಬಿ ಬಣ್ಣದ ಬ್ಯಾಕ್ಟೀರಿಯ. ಎಲೆ ಬಿಡುವ ಮೆಥನಾಲೇ ಅದರ ಆಹಾರ. ವಿದ್ಯಾರ್ಥಿಗಳಿಗೆ ನಾನು ತಪ್ಪದೆ ತೋರಿಸುವ ಒಂದು ಪ್ರಯೋಗವಿದೆ. ಮೆಥನಾಲ್ ಬಿಟ್ಟು ಬೇರೆ ಯಾವ ಇಂಗಾಲದ ಆಹಾರವೂ ಇಲ್ಲದ ಅಗರ್ ತಟ್ಟೆಯ ಮೇಲೆ ತೋಟದಿಂದ ತಂದ ಒಂದು ಎಲೆಯನ್ನು ಮೆಲ್ಲಗೆ ಒತ್ತಿ ತೆಗೆಯುತ್ತೇವೆ. ನಾಲ್ಕೈದು ದಿನ ಏನೂ ಕಾಣುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ, ನರನರವೂ ಎದ್ದು ಕಾಣುವಂತೆ, ಎಲೆಯ ಅಚ್ಚು ಗುಲಾಬಿ ಚುಕ್ಕಿಗಳಲ್ಲಿ ಮೂಡಿರುತ್ತದೆ. ಈ ಬ್ಯಾಕ್ಟೀರಿಯ ಸೈಟೋಕೈನಿನ್‌ನಂಥ ಬೆಳವಣಿಗೆಯ ಚೋದಕಗಳನ್ನು ಗಿಡಕ್ಕೆ ಒದಗಿಸುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದನ್ನು ಪಿಪಿಎಫ್‌ಎಂ ಎಂಬ ಹೆಸರಿನಲ್ಲಿ, ಮಳೆ ಕೈಕೊಟ್ಟಾಗ ಬೆಳೆ ತಾಳಿಕೊಳ್ಳಲೆಂದು ಸಿಂಪಡಿಸಲು ಶಿಫಾರಸು ಮಾಡುತ್ತದೆ. ಬೆಳೆಸುವ ದ್ರಾವಣದಲ್ಲಿ ಮೊದಲು ಸ್ವಲ್ಪ ಮೆಥನಾಲ್ ಇದ್ದಿರಬಹುದು, ಆದರೆ ಅದನ್ನು ತಿಂದೇ ಅವು ಬೆಳೆದಿರುತ್ತವೆ. ಉಳಿದ ಕುರುಹೂ ನೀರಿಗೆ ಬೆರೆಸಿ ಹೊಡೆದಾಗ ಬಿಸಿಲಿಗೆ ಆರಿಹೋಗುತ್ತದೆ. ಹಣ್ಣಿಗೆ ಅದರಿಂದ ಮೆಥನಾಲ್ ಸೇರುವುದಿಲ್ಲ.

ಮೆಥನಾಲ್ ಬೆರೆಸಿ ಎಂದ ಅಂಗಡಿಯವರ ಮಾತಿಗೂ ಒಂದು ಹಿನ್ನೆಲೆಯಿದೆ. ದ್ಯುತಿಸಂಶ್ಲೇಷಣೆಯ ಕ್ಯಾಲ್ವಿನ್–ಬೆನ್ಸನ್ ಚಕ್ರದಲ್ಲಿ ಯಾರ ಹೆಸರಿದೆಯೋ ಅದೇ ಆ್ಯಂಡ್ರೂ ಬೆನ್ಸನ್, ಆರ್ಥರ್ ನೊನೊಮುರಾ ಜೊತೆ ಸೇರಿ 1992ರಲ್ಲಿ, ಅರಿಜೋನಾದ ಸುಡುಬಿಸಿಲಿನಲ್ಲಿ ಹತ್ತಿ ಮೊದಲಾದ ಬೆಳೆಗಳಿಗೆ ಮೆಥನಾಲ್ ದ್ರಾವಣ ಸಿಂಪಡಿಸಿದಾಗ ಬೆಳೆ ಹುಲುಸಾಗಿ ನೀರೂ ಉಳಿಯಿತೆಂದು ಪ್ರಕಟಿಸಿದರು. ಅಷ್ಟು ದೊಡ್ಡ ಹೆಸರಿನವರು ಹೇಳಿದ್ದರಿಂದ ಅಮೆರಿಕದ ಹಲವು ರಾಜ್ಯಗಳಲ್ಲಿ ಹೊಲದ ಪ್ರಯೋಗಗಳು ನಡೆದವು. ಹೆಚ್ಚಿನ ಕಡೆ ನೆಚ್ಚಬಹುದಾದ ಲಾಭ ಕಾಣಲಿಲ್ಲ, ದ್ರಾವಣ ಗಟ್ಟಿಯಾದಲ್ಲಿ ಎಲೆ ಸುಟ್ಟಿತು, ಉತ್ಸಾಹ ಇಳಿಯಿತು. ಪ್ರಯೋಗದ ಸೋಲುಗೆಲುವು ಹಾಗಿರಲಿ, ಕೂಲಿಯವರ ಬೆನ್ನ ಮೇಲಿನ ಸ್ಪ್ರೇಯರಿಗೆ ಮೆಥನಾಲ್ ತುಂಬುವುದನ್ನು ಯೋಚಿಸಿದರೇ ನನಗೆ ಹೆದರಿಕೆಯಾಗುತ್ತದೆ. ಅದು ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹ ಸೇರುತ್ತದೆ. ಶುದ್ಧ ಮೆಥನಾಲಿನ ಆವಿ 11 ಡಿಗ್ರಿ ತಂಪಿನಲ್ಲೂ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಉಳಿದ ಕ್ಯಾನು ಕೊಟ್ಟಿಗೆಯ ಮೂಲೆ ಸೇರಿ, ಒಂದು ದಿನ ಯಾರೋ ಸ್ಪಿರಿಟ್ ಎಂದು ತಿಳಿದು ಲೋಟಕ್ಕೆ ಬಗ್ಗಿಸುತ್ತಾರೆ. ಡ್ರಮ್ಮಿನ ಮೆಥನಾಲ್ ನಿಮ್ಮ ತೋಟದ ಗೇಟು ದಾಟಿ ಒಳಗೆ ಬರುವುದೇ ಬೇಡ.

ಪಿಪಿಎಫ್‌ಎಂ ಹೊಡೆಯುವುದಾದರೆ ಚೀಟಿಯಲ್ಲಿರುವ ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ ನೋಡಿ, ಬೆಳಿಗ್ಗೆ ಅಥವಾ ಸಂಜೆಯ ತಂಪಿನಲ್ಲಿ ಹೊಡೆಯಿರಿ. ಬೋರ್ಡೋ ದ್ರಾವಣ ಹೊಡೆದ ಆಸುಪಾಸಿನ ದಿನಗಳಲ್ಲಿ ಬೇಡ, ಏಕೆಂದರೆ ಅದರಲ್ಲಿರುವ ಮೈಲುತುತ್ತ ಬೂಷ್ಟನ್ನು ಕೊಲ್ಲುವಂತೆ ಈ ಜೀವಿಯನ್ನೂ ಕೊಲ್ಲುತ್ತದೆ. ತೋಟಕ್ಕೆಲ್ಲ ಒಮ್ಮೆಗೇ ಹೊಡೆಯದೆ ಎರಡು ಸಾಲಿಗೆ ಹೊಡೆದು ಪಕ್ಕದ ಎರಡು ಸಾಲಿಗೆ ಬರೀ ನೀರು ಹೊಡೆಯಿರಿ. ಕೊಯ್ಲಿನ ದಿನ ಎರಡೂ ಕಡೆಯ ಹಣ್ಣನ್ನು ಬೇರೆ ಬೇರೆ ಕ್ರೇಟಿಗೆ ತುಂಬಿಸಿ ತೂಗಿಸಿ. ಎರಡನೇ ಬಾಟಲಿ ಕೊಳ್ಳುವ ಮಾತು ಆ ತೂಕ ನೋಡಿದ ಮೇಲಿರಲಿ.